ಬೆನ್ನುಹುರಿಗಾಗಿ ಓಡಿದವರ ಪಾಡು

ನಮ್ಮ ಕಡೆ ಸುಮ್ಮಸುಮ್ಮನೆ ಯಾರೂ ಓಡುವುದಿಲ್ಲ. ಓಡಿದರೆ ಏನಾದರೊಂದು ಆಗಿಯೇ ತೀರುತ್ತದೆ. ಎಂಬತ್ತರ ದಶಕದಲ್ಲಿ ನಾನು ಇಚಲಕರಂಜಿಯಲ್ಲಿ ಮಗ್ಗ ರಿಪೇರಿ ಮಾಡುತ್ತಿದ್ದೆ. ನನ್ನ ನೇಕಾರ ಗೆಳೆಯ ಮಾಳಿಗೆಯಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ, ಎರಡೂ ಕಾಲಿನ ಸ್ವಾಧೀನ ಕಳೆದುಕೊಂಡಿದ್ದ. ಇಂಥ ಪೆಟ್ಟಿಗೆ ಮದ್ದು ಹುಡುಕುವ ಸಂಶೋಧನೆಗೆ ನೆರವಾಗಲೆಂದು ಕೊಲ್ಹಾಪುರದ ಡಾಕ್ಟರೊಬ್ಬರು ಓಟ ಇಟ್ಟರು. ಇಚಲಕರಂಜಿಯಿಂದ ಕೊಲ್ಹಾಪುರಕ್ಕೆ.

"ನಾನೂ ಬರ್ತೇನಿ. ಕೈಲೇ ಗಾಡಿ ಹೊಡೀತೇನಿ. ಆದ್ರ ಯಾರೂ ನೂಕಬಾರದು, ನೋಡ್ರಿ" ಎಂದ ಗೆಳೆಯ.

ದೇಣಿಗೆ

ದೇಣಿಗೆ ಕೇಳಲು ನನ್ನೂರು ಗಡಹಿಂಗ್ಲಜಕ್ಕೆ ಹೋದೆ. ಬೆಲ್ಲದ ಅಡತಿ ಅಂಗಡಿಯ ಕಾಕಾ ಪೂರ್ತಿ ಕೇಳಿ ಮರುಗಿದರು.

"ಕೊಲ್ಹಾಪುರತನಾ ಓಡ್ಕೋತ ಹೋಗ್ತೀರಿ?"

"ಹೌದ್ರಿ ಕಾಕಾ."

"ಭಾಳ ತ್ರಾಸ ಐತಿ ನಿಮಗ. ಓಡಬ್ಯಾಡ್ರಿ. ಎಲ್ಲಾರ ಎಸ್ಟಿ ಬಸ್ಸಿನ ತಿಕೀಟ ನಾ ತಗಸ್ತೇನಿ."

ಅಭ್ಯಾಸ

ಒಂದು ಬೆಳಿಗ್ಗೆ ಎಂಟು ಜನ ಕಬ್ಬಿನ ಗದ್ದೆಗಳ ನಡುವೆ ಓಡುತ್ತಿದ್ದೆವು. ಕಬ್ಬು ಕಡಿಯುವವರು "ಚೋರ! ಚೋರ!" ಎಂದು ಕೂಗುತ್ತ ಕೊಯ್ತಾ ಕತ್ತಿ ಹಿಡಿದೇ ನಮ್ಮ ಜತೆ ಓಡತೊಡಗಿದರು. ಕಳ್ಳ ಯಾರೂ ಇಲ್ಲ ಎನ್ನಲು ನನಗೆ ಉಸಿರೇ ಇರಲಿಲ್ಲ. ಎಲ್ಲರಿಗಿಂತ ಮುಂದೆ ಓಡುತ್ತಿದ್ದವನು ನಾನು, ಹಾಗಾಗಿ ಹಿಡಿದದ್ದೂ ನನ್ನನ್ನೇ.

ಅವತ್ತಿನಿಂದ ನಾನು ಎರಡನೆಯವನಾಗಿಯೇ ಓಡುತ್ತೇನೆ.

ಜ್ಯೋತ

ಓಟದ ದಿನ ನವರಾತ್ರಿಯ ಮೊದಲ ದಿನ, ಘಟ ಕೂಡುವ ದಿನವೇ ಬಂತು. ಗೆಳೆಯ ಮೂರು ಗಾಲಿಯ ಸೈಕಲ್ಲಿನಲ್ಲಿ ಕೈಯಿಂದ ಪೆಡಲ್ ತಿರುವುತ್ತ ಹೊರಟ. ಮೊದಲ ಏರಿನಲ್ಲೇ ದಾರಿಹೋಕರು ನಾಲ್ಕು ಜನ ಕರುಣೆಯಿಂದ ನೂಕಿ ಮೇಲೇರಿಸಿದರು. ಇವನು ಹಲ್ಲು ಕಡಿದು, ಗಾಡಿ ತಿರುಗಿಸಿ, ಬುಡದವರೆಗೆ ಹೋಗಿ ಏರನ್ನು ಮೊದಲಿನಿಂದ ಹತ್ತಿದ. ಮುಂದಿನ ಏರಿನಲ್ಲೂ ಅದೇ ಕಥೆ. ಹೀಗಾದರೆ ದೀಪಾವಳಿಗೂ ಮುಟ್ಟುವುದಿಲ್ಲ ಎಂದು ನನಗೆ ಅಳುವೇ ಬಂತು.

ಅಷ್ಟರಲ್ಲಿ ಎದುರಿಗೆ, ದೇವಿಯ ಗುಡಿಯಿಂದ ತಮ್ಮೂರಿಗೆ ಉರಿಯುವ ಪಂಜಿನ ಜ್ಯೋತ ಒಯ್ಯುವ ಹುಡುಗರು ಬರಿಗಾಲಲ್ಲಿ ಓಡಿ ಬಂದರು. ಅವರ ಹಿರಿಯ ನಮ್ಮನ್ನು ತಡೆದ.

"ಜ್ಯೋತ ಎಲ್ಲೈತ್ರಿ ನಿಮ್ಮದು?"

"ಇಲ್ರಿ."

"ಜ್ಯೋತ ಇಲ್ದ ಯಾಕ ಓಡಾಕತ್ತೀರಿ? ಹುಚ್ಚ ಹಿಡದೈತೇನು?"

ತಮ್ಮ ಜ್ಯೋತದಿಂದ ಇನ್ನೊಂದು ಹಚ್ಚಿ ಗೆಳೆಯನ ಹ್ಯಾಂಡಲ್‌ಗೆ ಕಟ್ಟಿಯೇ ಬಿಟ್ಟರು. ಜ್ಯೋತ ನಿಲ್ಲಬಾರದು, ಚಪ್ಪಲಿ ಹಾಕಿದವರು ಅದನ್ನು ಹೊತ್ತವನನ್ನು ಮುಟ್ಟಬಾರದು ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಅಲ್ಲಿಂದ ಮುಂದೆ, ನೂಕಲು ಬಂದವರು ಚಪ್ಪಲಿ ಬಿಚ್ಚಿಡುವಷ್ಟರಲ್ಲಿ ಇವನ ಗಾಡಿ ಪಾರಾಗಿರುತ್ತಿತ್ತು.

ಕೊಲ್ಹಾಪುರವನ್ನು ತನ್ನ ತೋಳಿನ ಬಲದಿಂದಲೇ ಮುಟ್ಟಿದ. ನನಗೆ ಹಿಡಿಸಲಾರದಷ್ಟು ಖುಷಿ. ಡಾಕ್ಟರು ಹಾರ ಹಿಡಿದು ಓಡಿ ಬಂದರು.

"ಬೂಟ ಬಿಚ್ಚಿ ಬರ್ರಿ ಡಾಕ್ಟರ!" ಎಂದು ನೆರೆದ ಜನವೆಲ್ಲ ಚೀರಿತು. ಅವರು ಬಿಚ್ಚಿ ಬಂದು ಹಾರ ಹಾಕಿ, ಬಹುಮಾನದ ಡಬ್ಬಿ ತೆರೆದರು. ಗುರಿ ಮುಟ್ಟಿದವರಿಗೆಲ್ಲ ಒಂದೇ ಬಹುಮಾನವೆಂದು ಮೊದಲೇ ತರಿಸಿಟ್ಟದ್ದು, ಓಡುವ ಬೂಟು. ಗೆಳೆಯನ ಕಾಲು ನೋಡಿ ಅವರ ಮುಖ ಬಿಳಿಚಿಕೊಂಡಿತು. ಡಬ್ಬಿಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡರು.

ಗೆಳೆಯ ಕೈ ಚಾಚಿದ.

"ಕೊಡ್ರಿ ಇಲ್ಲೆ. ನಿಮ್ಮ ಸಂಶೋಧನಾ ಮುಗಿಯೂತನಾ ಸವೆಯೂದಿಲ್ಲ, ಹೊಸಾವ ಇರ್ತಾವ."