ಕಾವು ಪೆಟ್ಟಿಗೆಯ ಮುಚ್ಚಳ

ಮುಚ್ಚಿಟ್ಟದ್ದನ್ನು ತೆಗೆದು ನೋಡದೆ ಇರುವುದು ನನ್ನಿಂದಾಗದ ಕೆಲಸ. ಇಡ್ಲಿ ಬೇಯುವಾಗ ಇಣುಕುವುದು, ಹೆಪ್ಪು ಹಾಕಿದ ಹಾಲನ್ನು ಅಲುಗಾಡಿಸಿ ನೋಡುವುದು ಹಳೆಯ ಚಾಳಿ. ಇಂಥವನು ಮೊಟ್ಟೆ ಮರಿ ಮಾಡಿಸುವ ಇನ್‌ಕ್ಯುಬೇಟರ್ ಕೊಂಡದ್ದೇ ತಪ್ಪು. ಚನ್ನರಾಯಪಟ್ಟಣದ ನಮ್ಮ ಮನೆಯ ಸಣ್ಣ ಕೋಣೆಗೆ ಅದು ಬಂದ ದಿನವೇ ನನ್ನ ಹೆಂಡತಿ ಸುಧಾ, "ಕೋಳಿಗಿರೋ ತಾಳ್ಮೆ ನಿಮಗಿದ್ಯಾ?" ಎಂದು ಕೇಳಿದ್ದಳು.

ಮೊದಲ ಸಲ ಪ್ರೀತಿ ಜಾಸ್ತಿಯಾಗಿ, ಶುರುವಿನಿಂದಲೇ ಪೆಟ್ಟಿಗೆಯೊಳಗಿನ ತಟ್ಟೆಗೆ ತುಂಬ ನೀರು ಸುರಿದೆ. ಬೇಸಿಗೆಯಲ್ಲಿ ನಮಗೇ ಬಾಯಾರುವಾಗ ಮೊಟ್ಟೆಗೆ ಆಗದೇ? ಇಪ್ಪತ್ತೊಂದು ದಿನ ಕಳೆದರೂ ಒಂದೂ ಒಡೆಯಲಿಲ್ಲ. ಮೊಟ್ಟೆಯೊಳಗಿನ ನೀರು ಅಷ್ಟಿಷ್ಟು ಆವಿಯಾದರೇ ಮರಿಗೆ ಉಸಿರಾಡಲು ಜಾಗ, ತೇವ ಹೆಚ್ಚಬೇಕಾದದ್ದು ಕೊನೆಯ ಮೂರು ದಿನ ಮಾತ್ರ ಎಂದು ಆಮೇಲೆ ತಿಳಿಯಿತು. ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವವನು ಎಂಬುದನ್ನು ಇಲ್ಲಿ ಹೇಳದಿದ್ದರೂ ನಡೆಯುತ್ತಿತ್ತು.

ಒಂದು ಸೋಮವಾರ ಬೆಳಿಗ್ಗೆ ಹಿಂದಿನ ಬೀದಿಯ ಪುಟ್ಟಮ್ಮ ಸೆರಗಿನಲ್ಲಿ ಹತ್ತು ಮೊಟ್ಟೆ ಹೊತ್ತು ಬಾಗಿಲಿಗೆ ಬಂದಳು. "ಸಾ, ನಾಯಿ ಬಂದು ಕೋಳೀನ ಕಚ್ಕೊಂಡೋಯ್ತು. ಕಾವಿಗೆ ಕೂತು ಅದಿನೈದು ದಿನ ಆಗಿತ್ತು. ಇವು ಇನ್ನೂ ಬೆಚ್ಚಗವೆ, ನೋಡಿ." ಅವಳಿಗಿದ್ದದ್ದು ಅದೊಂದೇ ಕೋಳಿ. ಇಲ್ಲ ಎನ್ನಲು ಬಾಯಿ ಬರಲಿಲ್ಲ.

ಈ ಸಲ ಶಿಸ್ತಾಗಿದ್ದೆ. ಗುರುವಾರದವರೆಗೆ ನೀರು ಸ್ವಲ್ಪವೇ, ಆಮೇಲೆ ತಟ್ಟೆ ತುಂಬ. ತೇವ ಅಳೆಯುವ ಮೀಟರು ಅರವತ್ತೆಂಟು ತೋರಿಸಿತು. ಭಾನುವಾರ ಬೆಳಿಗ್ಗೆ ಒಳಗಿನಿಂದ ಕಿಚಿಕಿಚಿ ಸದ್ದು! ಆದರೆ ಗಾಜಿನ ಮುಚ್ಚಳದ ತುಂಬ ಹಬೆ, ಏನೂ ಕಾಣದು. ಒಂದು ಸಲ ತೆಗೆದು ನೋಡಿದೆ. ಖುಷಿಗೆ ಇನ್ನೊಂದು ಸಲ. ಸುಧಾಳನ್ನು ಕರೆದು ತೋರಿಸಲು ಮೂರನೆಯ ಸಲ. ಮೀಟರು ನಲವತ್ತಕ್ಕೆ ಇಳಿದಿತ್ತು. ತೂತು ಬಿದ್ದ ಒಂದು ಮೊಟ್ಟೆಯ ಒಳಪೊರೆ ಒಣಗಿ ಮರಿಯ ಮೈಗೆ ಅಂಟಿಕೊಂಡಿತ್ತು. ಅದರ ಕೂಗು ಸಣ್ಣಗಾಗುತ್ತಾ ಬಂತು.

ಸುಧಾ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಹಿಂಡಿ ಒಳಗಿಟ್ಟಳು, ಮುಚ್ಚಳ ಮುಚ್ಚಿದಳು, ಕೋಣೆಗೆ ಬೀಗ ಹಾಕಿ ಕೀಲಿಯನ್ನು ಸೆರಗಿಗೆ ಗಂಟು ಹಾಕಿಕೊಂಡಳು. "ನುಗ್ಗೇಹಳ್ಳಿಗೆ ಹೋಗಿ ನಿಮ್ಮ ತಂಗೀನ ನೋಡ್ಕೊಂಡು ಬನ್ನಿ. ಸಾಯಂಕಾಲದ ತನಕ ಬರಬೇಡಿ."

ಅಲ್ಲಿಂದ ನಾಲ್ಕು ಸಲ ಫೋನ್ ಮಾಡಿದೆ. ಸುಧಾ ತೆಗೆಯಲೇ ಇಲ್ಲ. ಅಂಗಳದಲ್ಲಿ ನಾನು ಶತಪಥ ಹಾಕುವುದನ್ನು ನೋಡಿ ತಂಗಿ, "ಯಾರ್ಗಣ್ಣಾ ಎರಿಗೆ ನೋವು?" ಎಂದಳು.

ಸಂಜೆ ಬಂದಾಗ ರಟ್ಟಿನ ಡಬ್ಬಿಯಲ್ಲಿ ಎಂಟು ಮರಿಗಳಿದ್ದವು. ಎರಡು ಮೊಟ್ಟೆ ಒಡೆದಿರಲಿಲ್ಲ. ಅಂಟಿಕೊಂಡಿದ್ದ ಮರಿ ಎಲ್ಲಕ್ಕಿಂತ ಕೊನೆಗೆ ಬಂದು, ಒಂದು ಪಕ್ಕದ ಪುಕ್ಕ ಕೆದರಿಕೊಂಡು ತೂಕಡಿಸುತ್ತಿತ್ತು. ಸುದ್ದಿ ಕೇಳಿ ಬಂದಿದ್ದ ಪುಟ್ಟಮ್ಮ ಅದನ್ನೇ ಮೊದಲು ಎತ್ತಿಕೊಂಡು ಕೆನ್ನೆಗೊತ್ತಿಕೊಂಡಳು. ಕಣ್ಣು ಒರೆಸಿಕೊಂಡು ನನ್ನ ಕಡೆ ತಿರುಗಿದಳು. ಕೃತಜ್ಞತೆಯ ಮಾತಿಗೆ ನಾನು ವಿನಯದ ಮುಖ ಮಾಡಿ ನಿಂತೆ.

"ಪೆಟ್ಟಿಗೆ ಬಾಳ ಚೆನ್ನಾಗೈತೆ ಸಾ. ಅಕ್ಕಾವ್ರು ಎಲ್ಲಾ ಏಳುದ್ರು. ಮುಂದ್ಲ ಸಲ ಮೊಟ್ಟೆ ಇಕ್ಕೋವಾಗ, ನೀವು ಯಾವತ್ತು ಊರಿಗೋಗ್ತೀರಿ ಅಂತ ಮೊದ್ಲೇ ಏಳ್ಬುಡಿ."

ಸುಧಾ ಕ್ಯಾಲೆಂಡರ್ ತರಲು ಒಳಗೆ ಹೋದಳು.