‘ಸೂಕ್ತ ಎಣ್ಣೆ’ ಎಂದು ಬರೆದ ಮಹನೀಯರಿಗೆ

ಎಟಿವಿ ಕೈಪಿಡಿಯ ನಲವತ್ತೇಳನೆಯ ಪುಟವನ್ನು ಬರೆದ ಮಾನ್ಯರೇ,

ತಮ್ಮ ಹೆಸರು ಕೈಪಿಡಿಯಲ್ಲಿ ಎಲ್ಲೂ ಕಾಣದ ಕಾರಣ ಪುಟದ ಸಂಖ್ಯೆಯಿಂದಲೇ ತಮ್ಮನ್ನು ಕರೆಯಬೇಕಾಗಿ ಬಂದಿದೆ, ಕ್ಷಮೆಯಿರಲಿ. ತಾವು ಕ್ಷೇಮವಾಗಿದ್ದೀರೆಂದೂ, ತಮ್ಮ ಕಚೇರಿಯ ಕುರ್ಚಿಯ ಗಾಲಿಗಳು ಸದ್ದಿಲ್ಲದೆ ಉರುಳುತ್ತಿವೆಯೆಂದೂ, ಅವಕ್ಕೆ ಯಾವ ಎಣ್ಣೆ ಬಿಡಬೇಕೆಂದು ಬಲ್ಲವರು ಯಾರೋ ತಮಗೆ ಬಿಡಿಸಿ ಹೇಳಿದ್ದಾರೆಂದೂ ನಂಬಿಕೊಂಡು ಈ ಪತ್ರ ಬರೆಯುತ್ತಿದ್ದೇನೆ. ನನಗೆ ಆ ಭಾಗ್ಯ ಇರಲಿಲ್ಲ.

ನಾನು ದನದ ಡಾಕ್ಟರು. ನನ್ನ ರೋಗಿಗಳಲ್ಲಿ ಅರ್ಧಕ್ಕರ್ಧ ಗುಡ್ಡದ ಮೇಲಿವೆ. ಅಲ್ಲಿಗೆ ಜೀಪು ಹತ್ತುವುದಿಲ್ಲ, ಬೈಕು ಹತ್ತಿದರೂ ಔಷಧದ ಪೆಟ್ಟಿಗೆ ಅದರ ಮೇಲೆ ಕೂರುವುದಿಲ್ಲ. ಹೀಗಾಗಿ ಕಲ್ಲುದಾರಿಯಲ್ಲೂ ಗುಡ್ಡ ಹತ್ತುವ, ತಮ್ಮ ಕಂಪನಿಯ ನಾಲ್ಕು ಚಕ್ರದ ಎಟಿವಿಯನ್ನು ಕೊಂಡು, ಅದರೊಂದಿಗೆ ಬಂದ ನೂರ ಹನ್ನೆರಡು ಪುಟದ ಕೈಪಿಡಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದ, ಬಹುಶಃ ಏಕೈಕ ಗ್ರಾಹಕಿ ನಾನೇ. ಗಾಡಿಯನ್ನು ಮೆದು ಬಟ್ಟೆಯಿಂದ ಹೇಗೆ ಒರೆಸಬೇಕೆಂದು ತಾವು ಎರಡು ಪುಟಗಳಷ್ಟು ವಿವರಿಸಿದ್ದೀರಿ. ಸೀಟಿನ ಮೇಲೆ ನಿಂತು ಕುಣಿಯಬಾರದೆಂದು ಚಿತ್ರಸಹಿತ ಎಚ್ಚರಿಸಿದ್ದೀರಿ. ಆದರೆ ಗೇರ್ ಬಾಕ್ಸಿನ ಎಣ್ಣೆ ಬದಲಿಸುವ ವಿಚಾರಕ್ಕೆ ಬಂದಾಗ, ಇಷ್ಟು ಹೊತ್ತು ಮಾತಾಡಿ ದಣಿದವರಂತೆ, ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ: ‘ಸೂಕ್ತ ದರ್ಜೆಯ ಎಣ್ಣೆಯನ್ನು ಸೂಕ್ತ ಪ್ರಮಾಣದಲ್ಲಿ ತುಂಬಿಸಿ.’

ಈ ಸಾಲಿನ ಗಾಂಭೀರ್ಯಕ್ಕೆ ನಮ್ಮ ಮನೆಯವರೆಲ್ಲ ಮಾರುಹೋದೆವು. ನನ್ನ ಗಂಡ ಶಾಲೆಯಲ್ಲಿ ಭಾಷೆ ಕಲಿಸುವವರು. ಗಾಡಿಯ ಒಳಗೆ ಏನೇನಿದೆ ಎಂದು ತಿಳಿಯದಿದ್ದರೂ ಶಬ್ದದ ಒಳಗೆ ಏನಿದೆ ಎಂದು ಬಲ್ಲವರು. ಕನ್ನಡಕ ಏರಿಸಿಕೊಂಡು ಪುಟವನ್ನು ಎರಡು ಸಲ ಓದಿ, “ಸು ಅಂದ್ರೆ ಚೆನ್ನಾಗಿ, ಉಕ್ತ ಅಂದ್ರೆ ಹೇಳಿದ್ದು. ಸೂಕ್ತ ಅಂದ್ರೆ ಚೆನ್ನಾಗಿ ಹೇಳಿದ್ದು ಅಂತ. ಆದ್ರೆ ಇಲ್ಲಿ ಯಾರೂ ಏನೂ ಹೇಳೇ ಇಲ್ವಲ್ಲೇ!” ಎಂದು ತೀರ್ಪು ಕೊಟ್ಟರು. ನಮ್ಮ ಅತ್ತೆಯವರು ತಲೆಗೆ ಹಚ್ಚುವ ಎಣ್ಣೆಯಾದರೆ ಮನೆಯಲ್ಲೇ ಇದೆಯಲ್ಲ ಎಂದರು. ತಮ್ಮ ಪುಟವನ್ನು ಎಷ್ಟು ತಿರುವಿ ನೋಡಿದರೂ ಅವರ ಸಲಹೆಯನ್ನು ತಳ್ಳಿಹಾಕಲು ಅದರಲ್ಲಿ ಒಂದು ಕಾರಣವೂ ಸಿಗಲಿಲ್ಲವೆಂಬುದನ್ನು ಇಲ್ಲಿ ದಾಖಲಿಸಬಯಸುತ್ತೇನೆ.

ಕೊನೆಗೆ ಬಿಡಿಭಾಗದ ಅಂಗಡಿಗೆ ಹೋದೆ. ಅಲ್ಲಿಯ ಗೋಡೆಯುದ್ದಕ್ಕೂ ಡಬ್ಬಿಗಳು: ತೆಳು, ದಪ್ಪ, ಅರೆದಪ್ಪ, ಕೆಂಪು, ಹಸಿರು, ಬಂಗಾರದ ಬಣ್ಣ. ಅಂಗಡಿಯವರು ಹಿಂದುಮುಂದು ನೋಡದೆ ಬಂಗಾರದ ಡಬ್ಬಿಯನ್ನು ಇಳಿಸಿ, “ಇದನ್ನ ತಗೊಳ್ಳಿ ಡಾಕ್ಟ್ರೇ, ಇದಕ್ಕಿಂತ ಮೇಲಿಲ್ಲ. ಕಾರಿಗೆ ಹಾಕಿದ್ರೆ ಬೆಣ್ಣೆ ಥರ ಓಡುತ್ತೆ” ಎಂದರು. ಡಬ್ಬಿಯ ಮುಂಭಾಗದಲ್ಲಿ ‘ಘರ್ಷಣೆಗೆ ವಿದಾಯ’ ಎಂದು ದೊಡ್ಡ ಅಕ್ಷರದಲ್ಲಿತ್ತು. ಘರ್ಷಣೆ ಕೆಟ್ಟದ್ದೆಂದೇ ನಾನೂ ನಂಬಿದ್ದವಳು. ಇದಕ್ಕಿಂತ ಸೂಕ್ತವಾದದ್ದು ಇನ್ಯಾವುದಿದ್ದೀತು ಎಂದು ತಂದು, ಹಳೆಯ ಎಣ್ಣೆ ಇಳಿಸಿ, ನನ್ನ ಕೈಯಾರೆ ತುಂಬಿಸಿದೆ. ಔಷಧದ ಬಾಟಲಿಯ ಹಿಂಬದಿಯನ್ನು ಓದದೆ ದನಕ್ಕೆ ಕುಡಿಸುವವರನ್ನು ನಾನು ಇಪ್ಪತ್ತು ವರ್ಷದಿಂದ ಬೈಯುತ್ತ ಬಂದಿದ್ದೇನೆ. ಡಬ್ಬಿಯ ಹಿಂಬದಿಯನ್ನು ನಾನು ಓದಲಿಲ್ಲ. ಈ ತಪ್ಪಿನಲ್ಲಿ ನನ್ನ ಪಾಲೂ ಇದೆ ಎಂಬುದನ್ನು ತಮ್ಮ ವಕೀಲರು ಕಂಡುಹಿಡಿಯುವ ಮೊದಲೇ ನಾನೇ ಒಪ್ಪಿಕೊಂಡುಬಿಡುತ್ತೇನೆ.

ಹದಿನೆಂಟು ದಿನ ಗಾಡಿ ಓಡಿತು. ಏರಿನಲ್ಲಿ ಒಮ್ಮೊಮ್ಮೆ ಎಂಜಿನ್ನು ಸುಮ್ಮನೆ ಕೂಗಿಕೊಂಡಂತಾಗಿ ಚಕ್ರಗಳು ತಮಗೂ ಅದಕ್ಕೂ ಸಂಬಂಧವಿಲ್ಲದಂತೆ ನಿಧಾನಿಸುತ್ತಿದ್ದವು; ಗಾಡಿಗೂ ವಯಸ್ಸಾಯಿತು ಎಂದುಕೊಂಡೆ. ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಗುಡ್ಡದ ಮೇಲಿನ ಅಕ್ಕ-ತಂಗಿಯರಿಂದ ಫೋನು ಬಂತು. ಅವರಿಬ್ಬರೂ ಆರು ಹಸು ಸಾಕಿ ಹಾಲು ಮಾರಿ ಬದುಕುವವರು. ಅಕ್ಕನನ್ನು ಎಲ್ಲರೂ ಹಾಲಕ್ಕ ಎಂದೇ ಕರೆಯುವುದು. ಮಾತಾಡಿದವಳು ತಂಗಿ: “ಡಾಕ್ಟ್ರೇ, ಕರಿಮೂತಿ ಬೆಳಗಿಂದ ತಿಣುಕ್ತಾ ಇದೆ. ಕರುವಿಂದು ಒಂದೇ ಕಾಲು ಕಾಣ್ತಿದೆ. ಬೇಗ ಬನ್ನಿ.”

ಗಾಡಿಯಲ್ಲಿ ಅದು ಇಪ್ಪತ್ತು ನಿಮಿಷದ ದಾರಿ. ಅರ್ಧ ಏರಿನಲ್ಲಿ, ಕಲ್ಲು ತುಂಬಿದ ತಿರುವಿನಲ್ಲಿ, ತಮ್ಮ ಗಾಡಿ ನಿಂತುಬಿಟ್ಟಿತು. ನಿಂತಿತು ಎಂದರೆ ಅದಕ್ಕೆ ಅನ್ಯಾಯ ಮಾಡಿದಂತಾದೀತು. ಎಂಜಿನ್ನು ಗುಡ್ಡವೇ ಅದುರುವಂತೆ ಗರ್ಜಿಸುತ್ತಿತ್ತು, ಗೇರು ಬಿದ್ದಿತ್ತು, ಚಕ್ರ ಮಾತ್ರ ಕದಲುತ್ತಿರಲಿಲ್ಲ. ಆಮೇಲೆ ಸುಟ್ಟ ವಾಸನೆ ಬಂತು, ಗಾಡಿ ಮೆಲ್ಲಗೆ ಹಿಂದಕ್ಕೆ ಜಾರತೊಡಗಿತು. ಬ್ರೇಕು ಹಿಡಿದು, ಚಕ್ರಕ್ಕೆ ಕಲ್ಲು ಕೊಟ್ಟು, ಪೆಟ್ಟಿಗೆಯನ್ನೂ ಹಗ್ಗಗಳನ್ನೂ ಹೆಗಲಿಗೇರಿಸಿಕೊಂಡು ನಡೆಯತೊಡಗಿದೆ. ಬ್ರೇಕಿನ ಪುಟವನ್ನು ಬರೆದವರು ತಾವಲ್ಲವೆಂದು ಆಗಲೇ ಖಚಿತವಾಯಿತು. ಅವರಿಗೆ ನನ್ನ ನಮಸ್ಕಾರ ತಿಳಿಸಿ.

ಮಾನ್ಯರೇ, ಐವತ್ತೆರಡು ವರ್ಷದ ಹೆಂಗಸೊಬ್ಬಳು ಹನ್ನೆರಡು ಕಿಲೋ ಭಾರ ಹೊತ್ತು ಆ ಏರನ್ನು ಹತ್ತಲು ಒಂದು ಗಂಟೆ ಹತ್ತು ನಿಮಿಷ ಬೇಕು. ಮುಂದಿನ ಮುದ್ರಣದ ತಾಂತ್ರಿಕ ವಿವರಗಳಲ್ಲಿ ಇದನ್ನು ಧಾರಾಳವಾಗಿ ಸೇರಿಸಿಕೊಳ್ಳಿ. ತಂಗಿ ಅರ್ಧ ದಾರಿಗೆ ಓಡಿ ಬಂದು, ಗಾಡಿ ಎಲ್ಲಿ ಎಂದೂ ಕೇಳದೆ, ನನ್ನ ಹೆಗಲಿನ ಪೆಟ್ಟಿಗೆ ಇಳಿಸಿಕೊಂಡಳು. ಕೊಟ್ಟಿಗೆಯಲ್ಲಿ ಹಾಲಕ್ಕ ಹಸುವಿನ ಹಣೆಗೆ ಅಂಗೈ ಒತ್ತಿ ಕೂತಿದ್ದರು. ಕರುವಿನ ಒಂದು ಕಾಲು ಒಳಗೆ ಮಡಚಿಕೊಂಡಿತ್ತು, ತಲೆ ಹಿಂದಕ್ಕೆ ತಿರುಗಿತ್ತು. ಭುಜದವರೆಗೆ ಕೈ ಹಾಕಿ ಅದನ್ನು ಸರಿಪಡಿಸಿ ಎಳೆಯುವುದಕ್ಕೆ ಮತ್ತೆ ಮುಕ್ಕಾಲು ಗಂಟೆ ಹಿಡಿಯಿತು. ಹೊರಬಂದಾಗ ಮೈ ಬೆಚ್ಚಗಿತ್ತು, ಉಸಿರಿರಲಿಲ್ಲ. ಮೂಗಿಗೆ ಹುಲ್ಲುಕಡ್ಡಿ ಆಡಿಸಿದೆ, ಎದೆ ತಿಕ್ಕಿದೆ, ತಲೆಕೆಳಗಾಗಿ ಎತ್ತಿ ಹಿಡಿದೆ. ಸಾಕಷ್ಟು ಹೊತ್ತಾದ ಮೇಲೆ ಹಾಲಕ್ಕ ನನ್ನ ಮೊಣಕೈ ಹಿಡಿದು, “ಬಿಡಿ ಡಾಕ್ಟ್ರೇ. ನಡ್ಕೊಂಡೇ ಬಂದ್ರಲ್ಲ, ಅಷ್ಟು ಸಾಕು” ಎಂದರು. ನನ್ನ ಕೆಲಸದ ಬದುಕಿನಲ್ಲಿ ಯಾರೂ ನನ್ನನ್ನು ಇಷ್ಟು ಚೆನ್ನಾಗಿ ಬೈದಿಲ್ಲ.

ಒಂದು ಗಂಟೆ ಮೊದಲು ಬಂದಿದ್ದರೆ ಕರು ಬದುಕುತ್ತಿತ್ತಾ ಎಂದು ತಂಗಿ ಕೇಳಿದಳು. ತಮ್ಮ ಶೈಲಿಯನ್ನು ಅನುಸರಿಸಿದ್ದರೆ, ಸೂಕ್ತ ಸಮಯದಲ್ಲಿ ಸೂಕ್ತ ಕ್ರಮ ಕೈಗೊಂಡಿದ್ದಲ್ಲಿ ಸೂಕ್ತ ಫಲಿತಾಂಶ ಬರಬಹುದಿತ್ತು ಎಂದು ಹೇಳಿ ಕೈತೊಳೆದುಕೊಳ್ಳಬಹುದಿತ್ತು. ನನಗೆ ಆ ವಿದ್ಯೆ ಬರಲಿಲ್ಲ. “ಬದುಕುತ್ತಿತ್ತು ಅನ್ಸುತ್ತಮ್ಮ” ಎಂದೆ.

ಗಾಡಿಯನ್ನು ಹಗ್ಗ ಕಟ್ಟಿ ಇಳಿಸಿ, ಊರಿನ ಮೆಕ್ಯಾನಿಕ್ ಹತ್ತಿರ ಒಯ್ದದ್ದು ಮರುದಿನ. ಎಂಜಿನ್ ಸದ್ದು ಕೇಳಿಯೇ ರೋಗ ಹೇಳುವುದರಿಂದ ಅವರಿಗೆ ಕಿವಿಯಣ್ಣ ಎಂದು ಹೆಸರು. ಎಣ್ಣೆಯನ್ನು ಬೆರಳಲ್ಲಿ ತಿಕ್ಕಿ ನೋಡಿ, ಕ್ಲಚ್ ಬಿಚ್ಚಿ, ಸುಟ್ಟು ಕರಿಗಟ್ಟಿದ ಪ್ಲೇಟುಗಳನ್ನು ಗೋಣಿಯ ಮೇಲೆ ಸಾಲಾಗಿ ಇಟ್ಟರು. “ನೋಡಿ ಡಾಕ್ಟ್ರೇ, ಈ ಗಾಡೀಲಿ ಕ್ಲಚ್ಚು ಗೇರ್ ಬಾಕ್ಸಿನ ಆಯಿಲ್‌ನಲ್ಲೇ ಮುಳುಗಿರುತ್ತೆ. ವೆಟ್ ಕ್ಲಚ್ಚು ಅಂತಾರೆ. ಪ್ಲೇಟು ಪ್ಲೇಟನ್ನ ಗಟ್ಟಿಯಾಗಿ ಹಿಡ್ಕೊಂಡ್ರೇನೇ ಚಕ್ರ ತಿರುಗೋದು. ನೀವು ಹಿಡಿತಾನೇ ಬೇಡ, ಜಾರಿದ್ರೆ ಸಾಕು ಅನ್ನೋ ಆಯಿಲ್ ಹುಯ್ದಿದ್ದೀರ. ಅದು ಕಾರಿಗೆ ಸರಿ, ಕಾರಿನ ಕ್ಲಚ್ಚು ಹೊರಗಡೆ ಒಣಗಿರುತ್ತೆ. ಇದಕ್ಕೆ ವೆಟ್ ಕ್ಲಚ್ಚಿಗೆ ಆಗುತ್ತೆ ಅಂತ ಡಬ್ಬಿ ಮೇಲೆ ಬರೆದಿರೋದೇ ಬೇಕು. ಎಂ.ಎ. ಅಂತ ಎರಡಕ್ಷರ ಇರುತ್ತೆ, ಅದನ್ನ ನೋಡಿ ತಗೊಳ್ಳಿ.” ಮನೆಗೆ ಬಂದು ಬಂಗಾರದ ಡಬ್ಬಿಯನ್ನು ತಿರುಗಿಸಿ ನೋಡಿದರೆ, ಹಿಂಬದಿಯ ಕೆಳತುದಿಯಲ್ಲಿ, ಇರುವೆಯೊಂದು ಕನ್ನಡಕ ಹಾಕಿಕೊಂಡರೆ ಓದಬಹುದಾದ ಅಕ್ಷರದಲ್ಲಿ, ವೆಟ್ ಕ್ಲಚ್ ಇರುವ ವಾಹನಗಳಿಗೆ ಬಳಸಬಾರದು ಎಂದಿತ್ತು.

ಕಿವಿಯಣ್ಣ ಇದನ್ನೆಲ್ಲ ಹೇಳಲು ತೆಗೆದುಕೊಂಡದ್ದು ಒಂದು ನಿಮಿಷ. ಅವರು ಏಳನೆಯ ತರಗತಿಗೆ ಶಾಲೆ ಬಿಟ್ಟವರು. ತಮ್ಮಂತೆ ಒಂದೇ ಶಬ್ದದಲ್ಲಿ ಎಲ್ಲವನ್ನೂ ಮುಚ್ಚಿಡುವ ಪಾಂಡಿತ್ಯ ಅವರಿಗೆಲ್ಲಿಂದ ಬರಬೇಕು?

ಕರಿಮೂತಿ ಮೂರು ದಿನ ಏಳಲಿಲ್ಲ. ಹೆರಿಗೆ ಹೀಗೆ ಎಳೆದಾಗ ಹಿಂಗಾಲಿನ ನರಗಳು ಸೋಲುತ್ತವೆ. ನಾನು ದಿನಾ ನಡೆದೇ ಹೋಗುತ್ತಿದ್ದೆ. ನಾವು ಮೂವರೂ ಸೇರಿ ಹೊತ್ತುಹೊತ್ತಿಗೆ ಅದರ ಮಗ್ಗುಲು ಬದಲಿಸಿ, ಕಾಲು ನೀವುತ್ತಿದ್ದೆವು. ನಾಲ್ಕನೆಯ ದಿನ ಬೆಳಿಗ್ಗೆ ನಾನು ಇನ್ನೂ ಕೊಟ್ಟಿಗೆಯ ಬಾಗಿಲಲ್ಲಿದ್ದಾಗಲೇ ಅದು ಮುಂಗಾಲೂರಿ, ಒಮ್ಮೆ ಮುಗ್ಗರಿಸಿ, ಎದ್ದು ನಿಂತಿತು. ಹಾಲಕ್ಕ ಸೆರಗನ್ನು ಬಾಯಿಗೊತ್ತಿಕೊಂಡು ಗೋಡೆಯ ಕಡೆ ತಿರುಗಿದರು. ತಂಗಿ ನನ್ನನ್ನು ತಬ್ಬಿಕೊಂಡಳು, ನನ್ನ ಬಟ್ಟೆಯೆಲ್ಲ ಸಗಣಿಯಾಗಿದ್ದರೂ. ಅವರಿಬ್ಬರೂ ಈವರೆಗೆ ಕೈಪಿಡಿ ಬರೆದ ತಮ್ಮ ವಿರುದ್ಧ ಒಂದು ಮಾತೂ ಆಡಿಲ್ಲ, ನನ್ನ ವಿರುದ್ಧವೂ ಆಡಿಲ್ಲ. ಯಾರಾದರೂ ಆಡಲೇಬೇಕಲ್ಲ ಎಂದು ಈ ಪತ್ರ.

ಆದ್ದರಿಂದ ತಮ್ಮಲ್ಲಿ ಎರಡೇ ಬೇಡಿಕೆ. ಮೊದಲನೆಯದು, ತಾವು ಒಮ್ಮೆ ನಮ್ಮ ಗುಡ್ಡಕ್ಕೆ ದಯಮಾಡಿಸಿ, ಆ ತಿರುವಿನಲ್ಲಿ ಗಾಡಿಯ ಹಿಂದೆ ನಿಂತು, ಸೂಕ್ತ ಬಲದಿಂದ ಅದನ್ನು ಮೇಲಕ್ಕೆ ತಳ್ಳಬೇಕು. ಅದಕ್ಕೆ ಪುರುಸೊತ್ತಾಗದಿದ್ದರೆ ಎರಡನೆಯದು: ಯಾವ ಎಣ್ಣೆ ಎಂದು ಬರೆಯುವುದು ಅಷ್ಟು ಪ್ರಯಾಸವೆನಿಸಿದಲ್ಲಿ ಆ ಪುಟವನ್ನು ಖಾಲಿ ಬಿಟ್ಟುಬಿಡಿ. ಖಾಲಿ ಪುಟ ಕಂಡವರು ಗೊತ್ತಿದ್ದವರನ್ನು ಹೋಗಿ ಕೇಳುತ್ತಾರೆ. ನಾನೂ ಕೇಳುತ್ತಿದ್ದೆ.

ತಮ್ಮ ಪ್ರತಿ ಅಕ್ಷರವನ್ನೂ ನಂಬಿ, ಅದರ ಫಲ ಉಂಡಿರುವ,
ತಮ್ಮ ವಿಶ್ವಾಸಿ,
ಗುಡ್ಡದ ದನದ ಡಾಕ್ಟರು

ತಾ.ಕ.: ಸುಟ್ಟ ಕ್ಲಚ್ ಪ್ಲೇಟುಗಳಲ್ಲಿ ಒಂದನ್ನು ತೊಳೆದು ಒರೆಸಿ ಈ ಪತ್ರದೊಂದಿಗೆ ಕಳುಹಿಸಿದ್ದೇನೆ. ತಮ್ಮ ಮೇಜಿನ ಮೇಲಿನ ಕಾಗದಗಳು ಗಾಳಿಗೆ ಹಾರದಂತೆ ಇಡಲು ಅದು ಬಹಳ ಚೆನ್ನಾಗಿದೆ. ಹಾಗೆ ಬಳಸುವಾಗ ಅದಕ್ಕೆ ಯಾವ ಎಣ್ಣೆಯನ್ನೂ ಹಾಕಬೇಕಾಗಿಲ್ಲವಾದ್ದರಿಂದ, ತಾವು ನಿಶ್ಚಿಂತೆಯಿಂದಿರಬಹುದು.