ಸಂಡೂರಿನ ಕಾಗದ, ಹೊಸಪೇಟೆಯ ಮಾಳಿಗೆ

ಬಾಡಿಗೆಗೆ ಕೊಡಲು ಒಂದು ಮನೆ ಇದೆ ಎಂದರೆ ಸಾಕು, ಜನ ನಮ್ಮನ್ನು ನೋಡುವ ರೀತಿಯೇ ಬೇರೆಯಾಗುತ್ತದೆ. ಇಡೀ ಮನೆ ಬೇಕಿಲ್ಲ, ಅರ್ಧ ಮನೆಯಾದರೂ ನಡೆಯುತ್ತದೆ. ಅಲ್ಲಿಯವರೆಗೆ "ಏನಪಾ ರುದ್ರಪ್ಪ" ಎನ್ನುತ್ತಿದ್ದ ಎಲೆ ಅಡಿಕೆ ಅಂಗಡಿಯವನು, ನಾನು ಅರ್ಧ ಮನೆ ಬಾಡಿಗೆಗೆ ಕೊಟ್ಟ ವಾರದಲ್ಲೇ "ಸಾವ್ಕಾರ್ರ, ಬರ್ರಿ, ಕುಂದ್ರಿ" ಅನ್ನತೊಡಗಿದ. ಸುಳ್ಳೇಕೆ ಹೇಳಲಿ, ಅಂದಿನಿಂದ ನಾನೂ ರುಮಾಲನ್ನು ಒಂದು ಸುತ್ತು ಎತ್ತರಕ್ಕೆ ಸುತ್ತತೊಡಗಿದೆ. ಆದರೆ ಮನೆ ಮಾಲೀಕನ ಒಳಗುಟ್ಟು ಇನ್ನೊಬ್ಬ ಮನೆ ಮಾಲೀಕನಿಗೆ ಮಾತ್ರ ಗೊತ್ತು. ಬಾವಿಯ ಹಗ್ಗ ಹರಿದರೆ ಬಾಡಿಗೆಯವರು ಬರಿಗೊಡ ಹಿಡಿದು ನಮ್ಮ ಬಾಗಿಲಲ್ಲಿ ನಿಲ್ಲುತ್ತಾರೆ. ಅವರ ಬಾಗಿಲ ಚಿಲಕ ಸಡಿಲವಾದರೆ ಅವರಿಗೆ ಸುಖವಾಗಿ ನಿದ್ದೆ ಬರುತ್ತದೆ, ನಿದ್ದೆ ಕೆಡುವುದು ನಮ್ಮದು. ಸಾವ್ಕಾರನೆಂಬ ಹೆಸರು ಹೊತ್ತು ಇಷ್ಟು ಜನರ ಚಾಕರಿ ಮಾಡುವ ಕೆಲಸ ಬೇರೆ ಇದೆಯೋ ಇಲ್ಲವೋ ನಾನರಿಯೆ.

ನಾನು ಹೊಸಪೇಟೆಯ ತಾಲೂಕು ಕಚೇರಿಯ ಎದುರು ಬೇವಿನ ಮರದ ಕೆಳಗೆ ಕೂತು ಅರ್ಜಿ ಬರೆಯುವವನು. ಬುಕ್ಕಸಾಗರದ ಗದ್ದೆಯ ತಂಟೆ, ಗಾದಿಗನೂರಿನ ಅಣ್ಣತಮ್ಮಂದಿರ ಪಾಲು, ಎಲ್ಲವೂ ನನ್ನ ಲೇಖಣಿಯ ತುದಿಯಿಂದಲೇ ಸರಕಾರಕ್ಕೆ ಮುಟ್ಟಬೇಕು. ನನ್ನ ಅಕ್ಷರ ಮುತ್ತಿನಂತಿದೆ ಎಂದು ಹೇಳುತ್ತಾರೆ. ಹೇಳುವವರು ಯಾರೂ ಸಿಗದಿದ್ದರೆ ನಾನೇ ಹೇಳಿಕೊಳ್ಳುತ್ತೇನೆ. ನಮ್ಮಪ್ಪ ಬಿಟ್ಟುಹೋದದ್ದು ಒಂದೇ ಮಾಳಿಗೆಯ ಕೆಳಗೆ ಎರಡು ಭಾಗವಾದ ಮನೆ, ಹಿತ್ತಲಲ್ಲಿ ಎರಡೂ ಕಡೆಗೆ ಸೇರಿದ ಬಾವಿ. ಒಂದು ಭಾಗದಲ್ಲಿ ಪಡಸಾಲೆ, ಅಡಿಗೆಮನೆಗಳಲ್ಲದೆ ಬೆಚ್ಚನೆಯ ಒಳಕೋಣೆಯೂ, ಅದಕ್ಕೆ ಹೊಂದಿದಂತೆ ಹಂಡೆ ಹೂಡಿದ ಬಚ್ಚಲೂ ಇದೆ. ಇನ್ನೊಂದು ಭಾಗದಲ್ಲಿ ಪಡಸಾಲೆ, ಅಡಿಗೆಮನೆ, ಅಷ್ಟೆ. ಸ್ನಾನಕ್ಕೆ ಹಿತ್ತಲಲ್ಲಿ ತಟ್ಟಿ ಕಟ್ಟಿದ ಒಂದು ಚಪ್ಪಡಿ ಕಲ್ಲು. ಒಳ್ಳೆಯ ಭಾಗಕ್ಕೆ ಬಾಡಿಗೆ ಹೆಚ್ಚು ಬರುತ್ತದೆಂದು ಅದನ್ನು ಪರರಿಗೆ ಕೊಟ್ಟು, ಮಾಲೀಕನಾದ ನಾನು ಚಪ್ಪಡಿ ಕಲ್ಲಿನ ಮೇಲೆ ಗಾಳಿಗೆ ನಡುಗುತ್ತ ಸ್ನಾನ ಮಾಡುತ್ತ ಬಂದೆ. ನನ್ನ ವ್ಯವಹಾರ ಜ್ಞಾನದ ಬಗ್ಗೆ ನಮ್ಮಾಕೆಗೆ ಮೊದಲಿನಿಂದಲೂ ಅಷ್ಟಾಗಿ ನಂಬಿಕೆಯಿಲ್ಲ.

ನಮ್ಮ ಕಡೆಯ ಮಣ್ಣಿನ ಮಾಳಿಗೆಯ ವಿಷಯ ಹೇಳಲೇಬೇಕು. ತೊಲೆ, ಜಂತಿಗಳ ಮೇಲೆ ಮಣ್ಣು ಬಡಿದು ಮಾಡಿದ ಮಟ್ಟಸವಾದ ಮೇಲ್ಛಾವಣಿ ಅದು. ಬೇಸಿಗೆಯಲ್ಲಿ ಅದರ ಕೆಳಗೆ ತಣ್ಣಗಿರಬಹುದು. ಆದರೆ ಪ್ರತಿ ವರ್ಷ ಮಳೆ ಹಿಡಿಯುವ ಮುಂಚೆ ಗಾಡಿಯಲ್ಲಿ ಚೌಳು ಮಣ್ಣು ತರಿಸಿ, ಮೇಲೆ ಹರಡಿ, ತುಳಿದು ಗಟ್ಟಿ ಮಾಡದಿದ್ದರೆ ಆ ವರ್ಷದ ಮಳೆಯನ್ನು ಮನೆಯೊಳಗೇ ಕೂತು ನೋಡಬಹುದು. ಈ ಮಣ್ಣಿನ ಖರ್ಚು ಮಾಲೀಕನದೋ ಬಾಡಿಗೆಯವನದೋ ಎಂಬ ಜಗಳ ನಮ್ಮೂರಲ್ಲಿ ಪ್ರತಿ ಓಣಿಯಲ್ಲೂ ಇದೆ. ನನ್ನ ಮೊದಲ ಬಾಡಿಗೆದಾರ, ಕಂಪ್ಲಿಯ ಬಾಳೆಕಾಯಿ ವ್ಯಾಪಾರಿ, ಎರಡು ಮಳೆಗಾಲ ಸೋರುವ ಕಡೆಗೆಲ್ಲ ಪಾತ್ರೆ ಇಟ್ಟುಕೊಂಡು ಕಳೆದನೇ ಹೊರತು ಒಂದು ಬುಟ್ಟಿ ಮಣ್ಣು ಹಾಕಿಸಲಿಲ್ಲ. ಹೋಗುವಾಗ ಬಾವಿಯ ರಾಟೆ ತೆಗೆದುಕೊಂಡು ಹೋಗಿ, ಬದಲಿಗೆ ಒಂದು ಬೆಕ್ಕನ್ನೂ ಅದರ ನಾಲ್ಕು ಮರಿಗಳನ್ನೂ ಬಿಟ್ಟುಹೋದ. ಇನ್ನು ಮೇಲೆ ಕಾಗದ ಬರೆಯದೆ ಯಾರಿಗೂ ಮನೆ ಕೊಡುವುದಿಲ್ಲ ಎಂದು ಅಂದೇ ತೀರ್ಮಾನಿಸಿದೆ.

ಮುಂದೆ ಬಂದವನೇ ನಿಂಗಪ್ಪ. ಸಂಡೂರಿನವನು, ನಮ್ಮೂರ ಅಕ್ಕಿ ಗಿರಣಿಯಲ್ಲಿ ತೂಕದ ಕೆಲಸ. ನಮ್ಮಾಕೆಯ ತವರೂ ಸಂಡೂರೇ. ಹಬ್ಬಕ್ಕೆ ಹೋಗಿದ್ದಾಗ ಮಾವನ ಮನೆಯಲ್ಲೇ ಅವನ ಭೇಟಿಯಾಗಿ, ಅಲ್ಲೇ ಮಾತೂ ಮುಗಿಯಿತು. ಮಾವನವರು ಪೆಟ್ಟಿಗೆಯಿಂದ, ಯಾವುದಕ್ಕೋ ತಂದು ಉಳಿದಿದ್ದ ಒಂದು ಛಾಪಾ ಕಾಗದ ತೆಗೆದುಕೊಟ್ಟರು. ಪುಕ್ಕಟೆ ಕಾಗದ ಸಿಕ್ಕ ಖುಷಿಯಲ್ಲಿ ನಾನು ಕೂತು ಕರಾರುಪತ್ರ ಬರೆದೆ. ಗೋಡೆಗೆ ಕೇಳದೆ ಮೊಳೆ ಹೊಡೆಯಕೂಡದು, ರಾಟೆ ಮುಟ್ಟಕೂಡದು, ಬೆಕ್ಕು ಸಾಕಕೂಡದು, ಒಂದು ತಿಂಗಳ ನೋಟೀಸು ಕೊಟ್ಟರೆ ತಕರಾರಿಲ್ಲದೆ ಮನೆ ಬಿಡಬೇಕು. ಎಲ್ಲಕ್ಕಿಂತ ಮೇಲಾಗಿ, ಸಮಗ್ರ ಮಾಳಿಗೆಗೆ ಪ್ರತಿ ವರ್ಷ ಅವನೇ ಮಣ್ಣು ಹಾಕಿಸಬೇಕು. ಆ 'ಸಮಗ್ರ' ಎಂಬ ಮಾತಿನಲ್ಲಿ ನನ್ನ ಭಾಗದ ಮಾಳಿಗೆಯನ್ನೂ ಮೆಲ್ಲಗೆ ಸೇರಿಸಿಬಿಟ್ಟಿದ್ದೆ. ಓದಿ ಹೇಳಿದೆ. ನಿಂಗಪ್ಪ ಎಲ್ಲದಕ್ಕೂ ಹೂಂ ಎಂದ, ಕಾಗದವನ್ನು ಒಮ್ಮೆ ಕಣ್ಣೆತ್ತಿ ನೋಡಿ ಸಣ್ಣಗೆ ನಕ್ಕು ರುಜು ಹಾಕಿದ. ನನ್ನ ಅಕ್ಷರ ಕಂಡು ನಕ್ಕನೆಂದು ತಿಳಿದೆ.

ಮೂರು ವರ್ಷ ಸುಖವಾಗಿ ಕಳೆಯಿತು. ನಾಲ್ಕನೆಯ ವರ್ಷ ನಮ್ಮ ಮಗಳು ಶಾಂತವ್ವ ಬಸುರಾದಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ನಮ್ಮ ಭಾಗದಲ್ಲಿ ಬಾಣಂತಿಯನ್ನು ಮಲಗಿಸಲು ಗಾಳಿ ಆಡದ ಕೋಣೆಯಿಲ್ಲ, ಎರೆಯಲು ಬಚ್ಚಲಿಲ್ಲ. ಇದ್ದದ್ದೆಲ್ಲ ನಿಂಗಪ್ಪನ ಕಡೆ. "ಮಗಳನ್ನ ಆ ಕಲ್ಲಿನ ಮ್ಯಾಲ ಕುಂದ್ರಿಸಿ ಎರೀಲೇನು?" ಎಂದು ನಮ್ಮಾಕೆ ಕೇಳಿದಳು. ಮಗಳು ಸೊರಗಿದ್ದಳು, ಮೊದಲೇ ಅಶಕ್ತೆ. ನನಗೂ ಒಳಗೊಳಗೇ ಭಯ. ಕಾರಹುಣ್ಣಿಮೆಯಾದ ಮರುದಿನವೇ ನಿಂಗಪ್ಪನಿಗೆ ಒಂದು ತಿಂಗಳ ನೋಟೀಸನ್ನು ಮುತ್ತಿನಂಥ ಅಕ್ಷರದಲ್ಲಿ ಬರೆದು ಕೊಟ್ಟೆ. ಅವನು ನೋಡಿ, ಒಂದು ತಿಂಗಳೆಂದರೆ ಆಷಾಢ ಬರುತ್ತದೆ, ಆಷಾಢದಲ್ಲಿ ಯಾರು ಮನೆ ಬದಲಿಸುತ್ತಾರೆ, ಯಾರು ಮನೆ ಕೊಡುತ್ತಾರೆ, ಶ್ರಾವಣದಲ್ಲಿ ಹೋಗುತ್ತೇನೆ ಎಂದ. ಹೆರಿಗೆ ಇದ್ದದ್ದೇ ಶ್ರಾವಣದ ಮೊದಲಿಗೆ. ಊರಿಗೆಲ್ಲ ಕಾಗದ ಬರೆದುಕೊಡುವ ನನಗೆ, ನೋಟೀಸು ಆಷಾಢಕ್ಕೆ ಬಂದು ಮುಟ್ಟುತ್ತದೆ ಎಂಬುದು ಹೊಳೆದಿರಲೇ ಇಲ್ಲ.

ಸಿಟ್ಟಿನಲ್ಲಿ ಕರಾರುಪತ್ರ ಕಂಕುಳಲ್ಲಿ ಹಿಡಿದು, ದಿನವೂ ನಾನು ಅರ್ಜಿ ಬರೆದುಕೊಡುವ ವಕೀಲರ ಬಳಿ ಹೋದೆ. ಅವರು ಕಾಗದವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ರುದ್ರಪ್ಪ, ನಿಮ್ಮ ಮನಿ ಯಾವ ಊರಾಗೈತ್ರಿ?"

"ಇಲ್ಲೇ, ಹೊಸಪೇಟ್ಯಾಗ."

"ಮತ್ತ ಈ ಛಾಪಾ ಕಾಗದ ಸಂಡೂರು ಸಂಸ್ಥಾನದ್ದೈತಲ್ರಿ. ಇಲ್ಲಿ ನಡಿಯೋದು ಮದ್ರಾಸ್ ಸರಕಾರ."

ಒಂದು ಗುಡ್ಡ ದಾಟಿದರೆ ರಾಜ್ಯವೇ ಬದಲಾಗುತ್ತದೆಂದು ಇಡೀ ಊರಿಗೆ ಗೊತ್ತು. ಬೇವಿನ ಮರದ ಕೆಳಗೆ ಕೂತು ಅದನ್ನು ಜನರಿಗೆ ತಿಳಿಹೇಳುತ್ತಿದ್ದವನು ನಾನೇ. ಬಿಟ್ಟಿ ಕಾಗದ ಕೈಗೆ ಬಂದ ಗಳಿಗೆಯಲ್ಲಿ ಮಾತ್ರ ಅದು ಮರೆತುಹೋಯಿತು. ದಂಡ ಕಟ್ಟಿ ಕೋರ್ಟಿಗೆ ಒಪ್ಪಿಸಿ ನೋಡಬಹುದು, ಆದರೆ ಅಷ್ಟರಲ್ಲಿ ನಿಮ್ಮ ಮೊಮ್ಮಗನ ಜಾವಳ ಮುಗಿದಿರುತ್ತದೆ ಎಂದರು ವಕೀಲರು. ಅವರ ಗುಮಾಸ್ತ ಗೋಡೆಯ ಕಡೆ ತಿರುಗಿ ನಗುತ್ತಿದ್ದ.

ಬಿಸಿಲಲ್ಲಿ ಮನೆಗೆ ನಡೆಯುವಾಗ ಇನ್ನೊಂದು ವಿಚಾರ ಹೊಳೆಯಿತು. ಕರಾರೇ ಇಲ್ಲವೆಂದ ಮೇಲೆ ನಿಂಗಪ್ಪನಿಗೆ ಮಾಳಿಗೆಯ ಹಂಗೂ ಇಲ್ಲ. ಮನೆ ಬಿಡು ಎಂದವನ ಮಾಳಿಗೆಗೆ ಯಾರು ಮಣ್ಣು ಹಾಕುತ್ತಾರೆ? ಬಾಣಂತಿ ಎಲ್ಲಿ ಮಲಗಿದರೂ ತಲೆಯ ಮೇಲೆ ನೀರೇ. ಮನೆ ಮುಟ್ಟಿ ತಲೆಯೆತ್ತಿ ನೋಡಿದರೆ, ನಿಂಗಪ್ಪ ಮೊಳಕಾಲವರೆಗೆ ಪಂಚೆ ಕಟ್ಟಿ ಮಾಳಿಗೆಯ ಮೇಲೆ ಮಣ್ಣು ತುಳಿಯುತ್ತಿದ್ದಾನೆ. ಅದೂ ನನ್ನ ಭಾಗದಲ್ಲಿ. ಸುಮ್ಮನೆ ಒಳಗೆ ಹೋಗಿಬಿಡಬಹುದಿತ್ತು. ಆದರೆ ಮನಸ್ಸು ಒಪ್ಪಲಿಲ್ಲ.

"ನಿಂಗಪ್ಪ, ಇಳಿ ಕೆಳಗ. ಆ ಕರಾರಿಗೆ ಇಲ್ಲಿ ಬೆಲಿ ಇಲ್ಲಂತ. ನೀ ಮಣ್ಣು ಹಾಕ್ಬೇಕಂತ ಏನಿಲ್ಲ."

"ಗೊತ್ತೈತ್ರಿ ಸಾವ್ಕಾರ್ರ. ನಮ್ಮೂರ ಕಾಗದದ ಗುರ್ತು ನನಗ ಸಿಗಂಗಿಲ್ಲೇನ್ರಿ? ಅವತ್ತ ಗೊತ್ತಿತ್ತು."

"ಗೊತ್ತಿದ್ದೂ ಯಾಕ ಹೇಳಲಿಲ್ಲ?"

"ನೀವು ಭಾಳ ಚೆಂದ ಬರೀತಿದ್ರಿ. ನಡುವ ಬಾಯಿ ಹಾಕೋದು ಬ್ಯಾಡ ಅನಿಸ್ತು."

"ಮತ್ತ ಮೂರು ವರ್ಷದಿಂದ ಈ ಮಣ್ಣು?"

"ಹಾಕ್ತೀನಿ ಅಂದಿದ್ದೆನಲ್ರಿ," ಎಂದು ಅವನು ಮತ್ತೆ ತುಳಿಯತೊಡಗಿದ.

ನನಗೆ ಬಹಳ ನಾಚಿಕೆಯಾಯಿತು. 'ಸಮಗ್ರ' ಎಂದು ಬರೆದ ಕೈಯನ್ನು ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಒಳಗೆ ಹೋದರೆ ಅಲ್ಲಿ ಇನ್ನೊಂದು ಸುದ್ದಿ ಕಾದಿತ್ತು. ನಾನು ವಕೀಲರ ಮನೆಯಲ್ಲಿದ್ದಾಗ ನಮ್ಮಾಕೆಯೂ ನಿಂಗಪ್ಪನ ಹೆಂಡತಿ ಶರಣವ್ವನೂ ಬಾವಿಯ ಬಳಿ ನೀರು ಸೇದುತ್ತಲೇ ದಾವೆ ಇತ್ಯರ್ಥ ಮಾಡಿದ್ದರು. ನಿಂಗಪ್ಪನ ಸಂಸಾರ ತಮ್ಮ ಕಡೆಯ ಪಡಸಾಲೆಗೆ ಬರುವುದು, ಒಳಕೋಣೆಯನ್ನೂ ಬಚ್ಚಲನ್ನೂ ಶಾಂತವ್ವನಿಗೆ ಬಿಟ್ಟುಕೊಡುವುದು, ಎರೆಯುವ ಕೆಲಸ ಶರಣವ್ವನದು. ನಾಲ್ಕು ಹೆತ್ತವಳು, ಅವಳ ಕೈ ಹದವಾಗಿದೆ ಎಂದಳು ನಮ್ಮಾಕೆ. ಇಬ್ಬರಿಗೂ ಛಾಪಾ ಕಾಗದದ ನೆನಪೇ ಆಗಿರಲಿಲ್ಲ.

ಶ್ರಾವಣದಲ್ಲಿ ಮೊಮ್ಮಗ ಹುಟ್ಟಿದ. ಆ ವಾರವೆಲ್ಲ ಬಿಡದೆ ಮಳೆ ಹೊಯ್ಯಿತು, ಒಂದು ಹನಿಯೂ ಒಳಗೆ ಬರಲಿಲ್ಲ. ಮೂರನೆಯ ದಿನ ಮಗಳಿಗೆ ಜ್ವರ ಬಂದಾಗ ಶರಣವ್ವ ಎರಡು ದಿನ ಅವಳ ಮಗ್ಗುಲು ಬಿಟ್ಟು ಏಳಲಿಲ್ಲ. ನನ್ನ ಮಗಳು ಉಳಿದದ್ದು ಆ ತಾಯಿಯ ಕೈಯಿಂದ ಎಂದು ಯಾರ ಎದುರು ಬೇಕಾದರೂ ಹೇಳುತ್ತೇನೆ. ಆ ಉಪಕಾರವನ್ನು ಯಾವ ಕರಾರಿನಲ್ಲೂ ಬರೆಸಿಕೊಳ್ಳಲು ಬರುವುದಿಲ್ಲ.

ಶ್ರಾವಣ ಕಳೆದು ಎಷ್ಟೋ ದಿನವಾಯಿತು. ಮನೆ ಬಿಡುವ ಮಾತನ್ನು ನಿಂಗಪ್ಪ ಎತ್ತಿಲ್ಲ, ನಾನಂತೂ ಉಸಿರೇ ಎತ್ತಿಲ್ಲ. ಈಗ ದಿನಾ ಬೆಳಿಗ್ಗೆ ಮೊಮ್ಮಗನನ್ನು ನೋಡಲು ನಿಂಗಪ್ಪನ ಕಡೆ ಹೋಗಿ, ನನ್ನ ಸ್ವಂತ ಮನೆಯ ಹೊಸ್ತಿಲಲ್ಲಿ ಕಾಲು ತೊಳೆದುಕೊಂಡು, ರುಮಾಲು ತೆಗೆದು ಕೈಯಲ್ಲಿ ಹಿಡಿದು, ಒಳಗೆ ಬರಬಹುದೇ ಎಂದು ಕೇಳಿ ನಿಲ್ಲುತ್ತೇನೆ. ಶರಣವ್ವ ಒಮ್ಮೊಮ್ಮೆ ಬಾಗಿಲ ಸಂದಿಯಿಂದಲೇ, "ಕೂಸು ಮಲಗೈತ್ರಿ ಸಾವ್ಕಾರ್ರ, ಸಂಜಿಗೆ ಬರ್ರಿ" ಎನ್ನುತ್ತಾಳೆ. ಆಗಲಿ ತಾಯಿ ಎಂದು ತಿರುಗಿ ಬರುತ್ತೇನೆ. ಬೇವಿನ ಮರದ ಕಡೆ ನಡೆಯುವಾಗ, ಅಕಸ್ಮಾತ್ ಆ ಕಾಗದ ಸರಿಯಾದದ್ದೇ ಆಗಿದ್ದರೆ ಏನಾಗುತ್ತಿತ್ತೆಂದು ಯೋಚಿಸುತ್ತೇನೆ. ನಾನು ದಾವೆ ಗೆದ್ದುಬಿಡುತ್ತಿದ್ದೆನಲ್ಲ ಎಂದು ನೆನೆದರೆ ಈಗಲೂ ಮೈ ನಡುಗುತ್ತದೆ.